ಮೊಂಬಾರ್ ಸೀಮೆಯ ಕುಲುಮೆಗಳು

ಪ್ಯಾರಿಸಿನಿಂದ ದಿಜೋನ್ ನಗರದ ಕಡೆಗೆ ಧಾವಿಸುವ ಅತಿವೇಗದ ರೈಲುಗಳಲ್ಲಿ ಕೆಲವು, ಹೊರಟು ಸುಮಾರು ಒಂದು ಗಂಟೆ ಕಳೆಯುವಷ್ಟರಲ್ಲಿ, ಬರ್ಗಂಡಿ ಪ್ರಾಂತದ ಮೊಂಬಾರ್ ಎಂಬ ಪುಟ್ಟ ಪಟ್ಟಣದಲ್ಲಿ ಕ್ಷಣಕಾಲ ನಿಲ್ಲುತ್ತವೆ. ಇಳಿದ ಯಾತ್ರಿಕರಲ್ಲಿ ಅನೇಕರು ನಿಲ್ದಾಣದೆದುರಿನಲ್ಲಿಯೇ ವಾಹನ ಹಿಡಿದು, ಫೋಂತನೆಯ ಪ್ರಾಚೀನ ಮಠಕ್ಕೋ ಅಲೇಸಿಯಾದ ರಣಭೂಮಿಗೋ ತೆರಳಿ, ಸಂಜೆಯ ರೈಲಿಗೆ ಹಿಂದಿರುಗುವರು. ಊರು ಅವರ ಪಾಲಿಗೆ ಬರಿಯ ಹೊಸ್ತಿಲು. ಬ್ರೆನ್ ನದಿಯ ದಡದಲ್ಲಿ, ಬರ್ಗಂಡಿ ಕಾಲುವೆಯ ಮಗ್ಗುಲಲ್ಲಿ ಹರಡಿರುವ ಈ ಊರನ್ನು ಹೀಗೆ ದಾಟಿ ಹೋಗುವವರು ಏನನ್ನು ಕಳೆದುಕೊಳ್ಳುವರೆಂಬುದನ್ನು ಈ ವಾರ ನಿವೇದಿಸಬೇಕೆಂದಿದ್ದೇನೆ. ಯತಿಗಳ ಮಠ, ಪಂಡಿತನ ಉದ್ಯಾನ, ವೀರರ ಗಿರಿ ಎಂದು ಪ್ರವಾಸಪುಸ್ತಕಗಳು ವಿಂಗಡಿಸಿಡುವ ಸ್ಥಳಗಳನ್ನೆಲ್ಲ ಪೋಣಿಸಿದ ಸೂತ್ರವೊಂದು ಇಲ್ಲಿ ಉಂಟು. ಅದು ಲೋಹದ ಸೂತ್ರ. ಅದರ ತುದಿ ಕೈಗೆ ಸಿಕ್ಕುವುದು ಮೊಂಬಾರಿನಲ್ಲಿಯೇ.

ಊರಿನ ನೆತ್ತಿಯ ಮೇಲೆ ಬರ್ಗಂಡಿಯ ಡ್ಯೂಕರ ಕೋಟೆಯಿದ್ದ ದಿಬ್ಬವಿದೆ. 1707ರಲ್ಲಿ ಇದೇ ಊರಿನಲ್ಲಿ ಜನಿಸಿ, ಮುಂದೆ ಪ್ಯಾರಿಸಿನ ರಾಜೋದ್ಯಾನದ ಅಧಿಪತಿಯಾಗಿ, 36 ಸಂಪುಟಗಳ ನಿಸರ್ಗಚರಿತ್ರೆಯಿಂದ ಯೂರೋಪಿನ ವಿದ್ವಲ್ಲೋಕವನ್ನೆಲ್ಲ ಆಕರ್ಷಿಸಿದ ಬುಫೋನ್, ಆ ಶಿಥಿಲ ದುರ್ಗವನ್ನು ಕೆಡವಿಸಿ ಎರಡೇ ಬುರುಜುಗಳನ್ನುಳಿಸಿ, ದಿಬ್ಬವನ್ನು ಮೆಟ್ಟಿಲುಮೆಟ್ಟಿಲಾಗಿ ಕಡೆದು ಉದ್ಯಾನವನ್ನಾಗಿ ಮಾರ್ಪಡಿಸಿದನು. ರಾಜಧಾನಿಯ ಅಧಿಕಾರವನ್ನು ಹೊತ್ತಿದ್ದರೂ ವರ್ಷದ ಹೆಚ್ಚಿನ ಭಾಗವನ್ನು ಆತ ಕಳೆಯುತ್ತಿದ್ದುದು ಇಲ್ಲಿ. ಬೆಳಗಿನ ಜಾವದಲ್ಲಿ ತಾರಸಿಗಳನ್ನೇರಿ ಬಂದು ಬರೆಯುತ್ತ ಕುಳಿತಿರುತ್ತಿದ್ದ ಪುಟ್ಟ ಕೊಠಡಿ ಈಗಲೂ ಉದ್ಯಾನದ ಮೇಲ್ಭಾಗದಲ್ಲಿದೆ. ರೂಸೋ ಇಲ್ಲಿಗೆ ಬಂದಾಗ ಮೊಣಕಾಲೂರಿ ಆ ಕೊಠಡಿಯ ಹೊಸ್ತಿಲನ್ನು ಚುಂಬಿಸಿದನೆಂಬ ಪ್ರತೀತಿಯನ್ನು ಊರಿನವರು ಆದರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಬುಫೋನನ ಸಹಾಯಕನಾಗಿ ಪ್ರಾಣಿಗಳ ಅಂಗರಚನೆಯನ್ನು ವಿವರಿಸಿದ ದೊಬಾಂತೋನ್ ಕೂಡ ಮೊಂಬಾರಿನವನೇ; ಉತ್ತಮ ಉಣ್ಣೆಯ ಮೆರಿನೋ ಕುರಿಗಳನ್ನು ಈ ಸೀಮೆಗೆ ಒಗ್ಗಿಸಿದ ಕೀರ್ತಿ ಅವನಿಗೆ ಸಲ್ಲುತ್ತದೆ.

ಆದರೆ ಬುಫೋನನನ್ನು ಅರಿಯಲು ಉದ್ಯಾನವೊಂದೇ ಸಾಲದು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಅವನ ಬಿರುದಿಗೆ ಮೂಲವಾದ ಬುಫೋನ್ ಗ್ರಾಮದ ಹತ್ತಿರ, ಆರ್ಮಾಂಸೋಂ ನದಿಯ ದಡದಲ್ಲಿ, 1768ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಆತ ಒಂದು ಮಹಾ ಕುಲುಮೆಯನ್ನು ನಿರ್ಮಿಸಿದನು. ಕಬ್ಬಿಣ ಕರಗಬೇಕಾದರೆ ಅದುರು ಬೇಕು, ಇದ್ದಿಲು ಬೇಕು, ತಿದಿಯನ್ನೂ ಸುತ್ತಿಗೆಯನ್ನೂ ನಡೆಯಿಸುವ ನೀರಿನ ಬಲ ಬೇಕು. ಈ ಮೂರೂ ಕೈಗೆಟಕುವಂತಿರುವ ನೆಲ ಇದು. ಇದ್ದಿಲಿಗೆ ಬೇಕಾದ ಕಾಡುಗಳೂ ಅವನವೇ ಆಗಿದ್ದವು. ಮರದ ಬಲವನ್ನು ಕುರಿತು ಯೌವನದಿಂದಲೇ ಪ್ರಯೋಗಗಳನ್ನು ನಡೆಸಿದವನಿಗೆ ಕಾಡಿನ ಬೆಲೆ ಚೆನ್ನಾಗಿ ತಿಳಿದಿತ್ತು. ಅರಮನೆಯೆಂದು ಭ್ರಮಿಸುವಂತಿರುವ ಆ ಕಟ್ಟಡದೊಳಗೆ, ಅದುರು ಕರಗಿ ಪ್ರವಾಹವಾಗಿ ಹರಿಯುವ ನೋಟವನ್ನು ಅತಿಥಿಗಳು ಕಾಣಲೆಂದೇ ಕಟ್ಟಿಸಿದ ಭವ್ಯ ಸೋಪಾನವೊಂದಿದೆ. ರಂಗಮಂದಿರದಲ್ಲಿ ನಾಟಕಕ್ಕೆ ಸಲ್ಲುವ ಮರ್ಯಾದೆಯನ್ನು ಇಲ್ಲಿ ಕರಗಿದ ಕಬ್ಬಿಣಕ್ಕೆ ಸಲ್ಲಿಸಿದ್ದಾರೆ. ದುಡಿಮೆಯನ್ನು ಕಣ್ಣಾರೆ ಕಾಣತಕ್ಕದ್ದೆಂದು ಬಗೆದ ಆ ಮನೋಧರ್ಮ ನನ್ನ ಮನಸ್ಸಿಗೆ ಬಹಳ ಹಿಡಿಸಿದೆ.

ಈ ಕಬ್ಬಿಣ ಅವನ ತತ್ತ್ವಜಿಜ್ಞಾಸೆಗೂ ಉಪಕರಣವಾಯಿತು. ಭೂಮಿಯು ಒಂದು ಕಾಲದಲ್ಲಿ ಕರಗಿದ ದ್ರವಗೋಳವಾಗಿದ್ದು ಕ್ರಮೇಣ ಆರಿತೆಂದು ಆತ ನಂಬಿದ್ದನು. ಹಾಗಾದರೆ ಆರಲು ಎಷ್ಟು ಕಾಲ ಹಿಡಿದಿರಬೇಕು? ಅರ್ಧ ಅಂಗುಲದಿಂದ ಮೊದಲ್ಗೊಂಡು ಐದು ಅಂಗುಲದವರೆಗಿನ ವ್ಯಾಸವುಳ್ಳ ಕಬ್ಬಿಣದ ಗುಂಡುಗಳನ್ನು ಬೆಳ್ಳಗೆ ಕಾಯುವವರೆಗೆ ಕಾಯಿಸಿ, ಕೈಯಲ್ಲಿ ಹಿಡಿಯುವಷ್ಟು ಆರಲು ಪ್ರತಿಯೊಂದಕ್ಕೂ ಎಷ್ಟು ಹೊತ್ತು ಬೇಕಾಯಿತೆಂಬುದನ್ನು ಗುರುತಿಸಿ, ಆ ಪ್ರಮಾಣವನ್ನು ಭೂಗೋಳದ ಗಾತ್ರಕ್ಕೆ ವಿಸ್ತರಿಸಿ, ಇತರ ದ್ರವ್ಯಗಳ ಶೈತ್ಯಕ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಭೂಮಿಯ ವಯಸ್ಸು ಸುಮಾರು 75,000 ವರ್ಷಗಳೆಂದು ನಿರ್ಧರಿಸಿದನು. 1778ರಲ್ಲಿ ಪ್ರಕಟವಾದ ಅವನ ‘ನಿಸರ್ಗದ ಯುಗಗಳು’ ಎಂಬ ಗ್ರಂಥದಲ್ಲಿ ಈ ಸಂಖ್ಯೆ ಬಂದಾಗ, ಸೃಷ್ಟಿಗೆ ಸುಮಾರು ಆರು ಸಾವಿರ ವರ್ಷಗಳೆಂದು ಎಣಿಸುತ್ತಿದ್ದ ಧರ್ಮಪಂಡಿತರಿಗೆ ಅದು ಸಹ್ಯವಾಗುವಂತಿರಲಿಲ್ಲ. ಹಸ್ತಪ್ರತಿಗಳಲ್ಲಿಯಾದರೋ ಆತ ಲಕ್ಷಗಳನ್ನು ದಾಟಿ ಹೋಗಿದ್ದನು. ಇಂದಿನ ಗಣನೆಯಂತೆ ಭೂಮಿಗೆ ಸುಮಾರು 450 ಕೋಟಿ ವರ್ಷ. ಉತ್ತರ ತಪ್ಪಾಗಿರಬಹುದು; ಸೃಷ್ಟಿಯ ಕಾಲವನ್ನು ಶಾಸ್ತ್ರಗ್ರಂಥದ ವಂಶಾವಳಿಯಿಂದ ಎಣಿಸದೆ ಕುಲುಮೆಯ ಮುಂದೆ ನಿಂತು ಅಳೆಯಲು ಹೊರಟ ಧೈರ್ಯವನ್ನು ನಾನು ವಿಜ್ಞಾನದ ಮಹಾಸಾಹಸಗಳಲ್ಲಿ ಒಂದೆಂದು ಭಾವಿಸುತ್ತೇನೆ.

ಇಷ್ಟನ್ನು ಕಂಡ ಮೇಲೆ ಫೋಂತನೆಗೆ ಹೋಗತಕ್ಕದ್ದು. ಅದು ಊರಿನಿಂದ ಸುಮಾರು 6 ಕಿಲೋಮೀಟರ್ ದೂರದ ಕಾಡುಕಣಿವೆ. ಸಂತ ಬರ್ನಾರ್ಡನು 1118ರಲ್ಲಿ ಸಿಸ್ಟರ್ಷಿಯನ್ ಯತಿಗಳಿಗಾಗಿ ಈ ಮಠವನ್ನು ಸ್ಥಾಪಿಸಿದನು. ಅವನ ತಾಯಿ ಅಲೆತ್ ಮೊಂಬಾರಿನ ಪ್ರಭುಮನೆತನದ ಮಗಳು. ಇಂಗ್ಲೆಂಡಿನ ನಾರ್ವಿಚ್‌ನಿಂದ ಇಲ್ಲಿಗೆ ಬಂದು ನೆಲಸಿದ ಬಿಷಪ್ ಎಬ್ರಾರ್ಡನ ಧನದಿಂದ ಕಟ್ಟಿದ ದೇವಾಲಯವನ್ನು 1147ರಲ್ಲಿ ಪೋಪ್ ಮೂರನೆಯ ಯೂಜೀನನು ಪ್ರತಿಷ್ಠಾಪಿಸಿದನು. ಗಂಟೆಗೋಪುರವಿಲ್ಲ, ಕಂಬಗಳ ಬೋದಿಗೆಯಲ್ಲಿ ಮೂರ್ತಿಗಳಿಲ್ಲ, ಗೋಡೆಗೆ ಚಿತ್ರವಿಲ್ಲ. ಕಲ್ಲಿನ ಪ್ರಮಾಣಶುದ್ಧಿ, ಕಿಟಕಿಗಳಿಂದ ಇಳಿದ ಬೆಳಕು, ಇವೆರಡೇ ಆ ಶಿಲ್ಪಿಯ ಸಂಪತ್ತು. ಇಲ್ಲಿ ಬೆಳಗ್ಗೆ, ಜನಸಂದಣಿ ಸೇರುವ ಮುನ್ನವೇ, ನಿಲ್ಲಬೇಕು.

ದೇವಾಲಯವನ್ನು ಕುರಿತು ಬರೆದವರು ಅಸಂಖ್ಯ. ಆವರಣದ ದಕ್ಷಿಣದ ಅಂಚಿನಲ್ಲಿ, ತೊರೆಗೆ ಒತ್ತಿಕೊಂಡಂತೆ ನಿಂತಿರುವ 53 ಮೀಟರ್ ಉದ್ದದ ಕಲ್ಲುಶಾಲೆಯನ್ನಾದರೋ ಹೆಚ್ಚಿನವರು ಸುಸ್ತಾದ ಕಾಲುಗಳಿಂದ ಕಡೆಯಲ್ಲಿ ನೋಡಿ ಹೊರಡುತ್ತಾರೆ. ಅದು ಯತಿಗಳ ಕುಲುಮೆ. ಯೂರೋಪಿನಲ್ಲಿ ಉಳಿದಿರುವ ಅತ್ಯಂತ ಪ್ರಾಚೀನ ಲೋಹಶಾಲೆಗಳಲ್ಲಿ ಒಂದು. ಹತ್ತಿರದ ಗುಡ್ಡದಲ್ಲಿ ಅದುರನ್ನು ಅಗೆದು, ತೊರೆಯ ನೀರನ್ನು ತಿರುಗಿಸಿ ಚಕ್ರಗಳ ಮೇಲೆ ಬಿಟ್ಟು, ಆ ಚಕ್ರಗಳಿಂದ ಭಾರದ ಸುತ್ತಿಗೆಗಳನ್ನೆತ್ತಿಸಿ, ಅವರು ಕಬ್ಬಿಣವನ್ನು ಬಡಿಯುತ್ತಿದ್ದರು. ಅಂತಹ ಜಲಚಾಲಿತ ಸುತ್ತಿಗೆಯೊಂದನ್ನು ಈಚೆಗೆ ಮರುನಿರ್ಮಿಸಿರುವುದರಿಂದ ಅದರ ಕ್ರಮವನ್ನು ಪ್ರತ್ಯಕ್ಷ ಕಾಣಬಹುದು. ಅಡುಗೆಮನೆಯನ್ನು ಬಿಟ್ಟರೆ ಈ ಯತಿಗಳು ತಮ್ಮ ವಾಸದಲ್ಲಿ ಬೆಂಕಿಗೆ ಅವಕಾಶವಿತ್ತಿದ್ದುದು ಒಂದೇ ಕೊಠಡಿಯಲ್ಲಿ. ಚಳಿಗಾಲದಲ್ಲಿ ಲಿಪಿಕಾರರು ಸೆಡೆತ ಬೆರಳುಗಳನ್ನು ಬೆಚ್ಚಗೆ ಮಾಡಿಕೊಳ್ಳುತ್ತಿದ್ದುದು ಅಲ್ಲಿ. ಸ್ವದೇಹಕ್ಕೆ ಇಷ್ಟು ಕೃಪಣರಾಗಿ ಬೆಂಕಿಯನ್ನು ಅಳೆದುಕೊಟ್ಟವರು ಕಾಯಕಕ್ಕೆ ಅದನ್ನು ಧಾರಾಳವಾಗಿ ಉರಿಸಿದರು. ಸ್ವಂತ ಕೈಗಳ ದುಡಿಮೆಯಿಂದಲೇ ಜೀವಿಸಬೇಕೆಂಬ ಆ ಪಂಥದ ನಿಯಮ ದೇವಾಲಯದ ಶುದ್ಧಿಯಲ್ಲಿ ಎಷ್ಟು ವ್ಯಕ್ತವೋ ಕುಲುಮೆಯ ಎತ್ತರದ ಕಮಾನುಗಳಲ್ಲಿಯೂ ಅಷ್ಟೇ ವ್ಯಕ್ತವೆಂದು ನನ್ನ ದೃಢವಾದ ಅಭಿಪ್ರಾಯ.

ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಮಠ ಮಾರಾಟವಾಗಿ ಕಾಗದದ ಕಾರ್ಖಾನೆಯಾಯಿತು. 1820ರಲ್ಲಿ ಅದನ್ನು ಕೊಂಡವರು ಆಕಾಶಬುಟ್ಟಿಯಿಂದ ಪ್ರಖ್ಯಾತವಾದ ಮೊಂಗೋಲ್ಫಿಯೇ ಮನೆತನದವರು. 1906ರಲ್ಲಿ ಅದೇ ಮನೆತನದ ಅಳಿಯ ಎದ್ವಾರ್ ಎನಾರ್ ಅದನ್ನು ಪಡೆದು, ಕಾರ್ಖಾನೆಯ ಕಟ್ಟಡಗಳನ್ನು ಕೆಡವಿಸಿ, ಮಧ್ಯಯುಗದ ರೂಪವನ್ನು ಮರಳಿಸಿದನು. ಅವನ ಶ್ರದ್ಧೆಗೆ ನಾವೆಲ್ಲರೂ ಋಣಿಗಳು. 1981ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಇದು ಸೇರಿದ್ದು ಆ ಶ್ರಮದ ಫಲವೇ. ಆದರೂ ಶತಮಾನಕಾಲ ಆ ತೊರೆಯ ನೀರಿನಿಂದ ಬಾಳಿದ ಕಾರ್ಖಾನೆಯ ಒಂದು ಮೂಲೆಯನ್ನಾದರೂ ಉಳಿಸಿದ್ದರೆ ಚರಿತ್ರೆ ಇನ್ನಷ್ಟು ಪೂರ್ಣವಾಗುತ್ತಿತ್ತು.

ಇನ್ನು ಅಲೇಸಿಯಾ. ಮೊಂಬಾರಿನಿಂದ ಸುಮಾರು 15 ಕಿಲೋಮೀಟರ್ ದೂರದ ಮೋಂತ್ ಓಸ್ವಾ ಎಂಬ ಚಪ್ಪಟೆ ಗಿರಿಯ ಮೇಲೆ, ಕ್ರಿಸ್ತಪೂರ್ವ 52ರಲ್ಲಿ, ಗಾಲ್ ಜನರ ನಾಯಕ ವರ್ಸಿಂಜೆಟೋರಿಕ್ಸನು ಸೀಸರನ ಮುತ್ತಿಗೆಗೆ ಸಿಲುಕಿ ಶರಣಾದನು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ 1861ರಿಂದ ಇಲ್ಲಿ ಉತ್ಖನನ ನಡೆಯಿಸಿ, 1865ರಲ್ಲಿ ಎಮೇ ಮಿಲೇ ರಚಿಸಿದ, ಆ ಗಾಲ್ ನಾಯಕನ ತಾಮ್ರದ ಮಹಾಮೂರ್ತಿಯನ್ನು ನಿಲ್ಲಿಸಿದನು. ವೀರನ ಮುಖದಲ್ಲಿ ಚಕ್ರವರ್ತಿಯ ಛಾಯೆಯೇ ಕಾಣುವುದು. ಬಯಲಿನಲ್ಲಿರುವ ವರ್ತುಲಾಕಾರದ ವಸ್ತುಸಂಗ್ರಹಾಲಯ 2012ರಿಂದ ತೆರೆದಿದ್ದು, ಮುತ್ತಿಗೆಯ ವಿವರಗಳನ್ನು ಸ್ಪಷ್ಟವಾಗಿ ನಿರೂಪಿಸುತ್ತದೆ. ಯುದ್ಧದ ಮಾತನ್ನು ನಾನು ಇಲ್ಲಿಗೇ ಬಿಡುತ್ತೇನೆ. ಸೋತವರು ಮತ್ತೆ ಬಾಳಿದ ಬಗೆ ಅದಕ್ಕಿಂತ ಹಿರಿದೆಂದು ನನಗೆ ತೋರುತ್ತದೆ.

ಶರಣಾಗತಿಯ ಬಳಿಕವೂ ಅದೇ ಗಿರಿಯ ಮೇಲೆ ರಂಗಮಂದಿರ, ಸಭಾಚೌಕಗಳುಳ್ಳ ಪಟ್ಟಣವೊಂದು ಬೆಳೆಯಿತು. ಅದರ ಕೀರ್ತಿ ಲೋಹಕಾರರದ್ದು. ಕುದುರೆಗಳ ಆಭರಣಗಳಿಗೆ ಬೆಳ್ಳಿಯ ಲೇಪನ ಕೊಡುವ ವಿದ್ಯೆಗೆ ರೋಮನ್ ಗ್ರಂಥಕಾರ ಪ್ಲಿನಿ ಅಲೇಸಿಯಾದ ಹೆಸರನ್ನೇ ಹೇಳಿದ್ದಾನೆ. 1839ರಲ್ಲಿ ದೊರೆತ ಒಂದು ಶಿಲಾಲೇಖ, ರೋಮನ್ ಅಕ್ಷರಗಳಲ್ಲಿದ್ದರೂ ಗಾಲ್ ಜನರ ಸ್ವಂತ ಭಾಷೆಯಲ್ಲಿ, ಉಕುಏಟಿಸ್ ಎಂಬ ದೇವತೆಗೆ ಮಾರ್ಷಿಯಾಲಿಸ್ ಎಂಬಾತನ ಅರ್ಪಣೆಯನ್ನು ಸಾರುತ್ತದೆ. ವಿದ್ವಾಂಸರು ಅದರಲ್ಲಿ ಕಮ್ಮಾರರ ಉಲ್ಲೇಖವನ್ನು ಓದಿದ್ದಾರೆ. ಸಮಯ ಸಾಲದ ಯಾತ್ರಿಕನು ತಾಮ್ರದ ವೀರನನ್ನು ದೂರದಿಂದಲೇ ವಂದಿಸಿ, ಉತ್ಖನನದ ಪಟ್ಟಣದಲ್ಲಿ ಆ ದೇವತೆಯ ಹೆಸರಿನ ಕಟ್ಟಡದ ಅವಶೇಷವನ್ನೂ ಅದರ ನೆಲಮಾಳಿಗೆಯನ್ನೂ ನೋಡತಕ್ಕದ್ದು. ಹಿಂದಿರುಗಿ ಮೊಂಬಾರಿನಲ್ಲಿ ರೈಲಿಗೆ ಕಾಯುವಾಗ ಊರಿನ ಕಾರ್ಖಾನೆಗಳತ್ತಲೂ ಕಣ್ಣು ಹಾಯಿಸಲಿ. ಅಣುವಿದ್ಯುತ್ ಸ್ಥಾವರಗಳ ಉಗಿಜನಕಗಳಿಗೆ ಬೇಕಾದ ಲೋಹದ ಕೊಳವೆಗಳನ್ನು ಇಂದು ಅಲ್ಲಿ ತಯಾರಿಸುತ್ತಾರೆ.