ಗೇನ್ ಬಿಡಿ, ಬೇಸ್ ಕಡೆ ನೋಡಿ

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕಟ್ಟಿದವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಗೇನ್ ಎಷ್ಟು?’ ನೂರು ಎಂದರೆ ಕೇಳಿದವರ ಮುಖ ಅರಳುತ್ತದೆ. ಹಿಂದಿರುವ ಮೈಕಿನಿಂದ ಬೇಸ್ ಎಷ್ಟು ಕರೆಂಟ್ ಕೀಳುತ್ತಿದೆ, ಅಂದರೆ ಇನ್‌ಪುಟ್ ರೆಸಿಸ್ಟೆನ್ಸ್ ಎಷ್ಟು ಎಂಬುದು ಯಾರಿಗೂ ಬೇಡ. ಬೀಟಾ (ಕರೆಂಟ್ ಗೇನ್) ಹೆಚ್ಚಿರುವ ಬಿಸಿ547 ಟ್ರಾನ್ಸಿಸ್ಟರಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆ ಜಾಲಾಡುವವರಂತೂ ಹಾರನ್ ಕೇಳಿ ಕಾರು ಮೆಚ್ಚುವ ಜಾತಿ.

ರಸಿಕರು ಶುರುಮಾಡಬೇಕಾದ್ದು ಹೈಬ್ರಿಡ್-ಪೈ ಮಾದರಿಯಿಂದ. ಆರ್‌ಸಿಎ ಸಂಸ್ಥೆಯ ಜಿಯಾಕೊಲೆಟ್ಟೊ 1954ರಲ್ಲಿ ಕೊಟ್ಟದ್ದು. ಅದರಲ್ಲಿ ಬೇಸ್-ಎಮಿಟರ್ ನಡುವೆ ಬರೆಯುವ ಆರ್-ಪೈ ಎಂಬ ರೆಸಿಸ್ಟರ್, ಟ್ರಾನ್ಸಿಸ್ಟರನ್ನು ಒಡೆದು ಹುಡುಕಿದರೂ ಸಿಗದು. ಅದು ಬೇಸ್ ಕರೆಂಟಿನ ವಕ್ರರೇಖೆಯ ಒಂದು ಬಿಂದುವಿನಲ್ಲಿರುವ ಇಳಿಜಾರಿನ ಲೆಕ್ಕ, ಅಷ್ಟೆ. ಕೋಣೆಯ ಉಷ್ಣತೆಯಲ್ಲಿ ಸುಮಾರು 25 ಮಿಲಿವೋಲ್ಟನ್ನು ಕಲೆಕ್ಟರ್ ಕರೆಂಟಿನಿಂದ ಭಾಗಿಸಿ, ಬೀಟಾದಿಂದ ಗುಣಿಸಿ. ಬೀಟಾ 100, ಕರೆಂಟ್ 1 ಮಿಲಿಆಂಪ್ ಆದರೆ 2.5 ಕಿಲೋಓಮ್. ಕರೆಂಟನ್ನು 0.1ಕ್ಕೆ ಇಳಿಸಿದರೆ ಅದೇ ಟ್ರಾನ್ಸಿಸ್ಟರ್ 25 ಕಿಲೋಓಮ್ ತೋರಿಸುತ್ತದೆ! ಬೇಸ್‌ಗೆ ಕೊಡುವ ಸಿಗ್ನಲ್ ಮಾತ್ರ ಐದಾರು ಮಿಲಿವೋಲ್ಟ್ ದಾಟಬಾರದು. ದಾಟಿದರೆ ಇಳಿಜಾರು ಒಂದೇ ಆಗಿ ಉಳಿಯುವುದಿಲ್ಲ.

ಈ ಲೇಖಕನಿಗೆ ಕಾಲೇಜಿನಲ್ಲಿ ಟ್ರಾನ್ಸಿಸ್ಟರಿನ ಎಚ್-ಪ್ಯಾರಾಮೀಟರ್‌ಗಳು ಪರೀಕ್ಷೆಗೆ ಉರುಹೊಡೆಯುವ ಅಂಕಿಗಳಾಗಿದ್ದವು. ಕಣ್ಣು ತೆರೆಸಿದ್ದು ಲ್ಯಾಬಿನ ಒಂದು ಸರ್ಕ್ಯೂಟ್: ಬಯಾಸ್‌ಗೆ 47 ಮತ್ತು 10 ಕಿಲೋಓಮ್, ಎಮಿಟರ್‌ನಲ್ಲಿ 1 ಕಿಲೋಓಮ್, ಸಿಗ್ನಲ್ ಬರುವ ದಾರಿಯಲ್ಲಿ ಇನ್ನೊಂದು 10 ಕಿಲೋಓಮ್. ಎಮಿಟರ್ ಬೈಪಾಸ್ ಕೆಪಾಸಿಟರಿನ ಒಂದು ಕಾಲು ಕಿತ್ತಾಗ ಗೇನ್ ಕುಸಿಯಿತು, ಜೊತೆಗಾರರು ಗೊಣಗಿದರು. ಸಿಆರ್‌ಒ (ಆಸಿಲೋಸ್ಕೋಪ್) ಪರದೆಯಲ್ಲಿ ಬೇಸ್‌ನ ಅಲೆ ಮಾತ್ರ ಎರಡೂವರೆ ಪಟ್ಟು ಎದ್ದಿತ್ತು. ಎಮಿಟರ್ ರೆಸಿಸ್ಟರ್ ಬೇಸ್ ಕಡೆಯಿಂದ ಬೀಟಾ ಪಟ್ಟು ದೊಡ್ಡದಾಗಿ ಕಾಣುವುದರಿಂದ, 2.5 ಕಿಲೋಓಮ್ ಇದ್ದದ್ದು ಲಕ್ಷ ಓಮ್ ದಾಟುತ್ತದೆ. ಪ್ಯಾರಲಲ್‌ನಲ್ಲಿ ಕೂತ ಬಯಾಸ್ ಜೋಡಿ ಅದನ್ನು 7.6 ಕಿಲೋಓಮ್‌ಗೆ ಎಳೆದುಹಾಕುತ್ತದೆ. ಪುಸ್ತಕದ ಚಿತ್ರ ನೋಡಿ ಬೀಗುವವರು ಮರೆಯುವುದು ಈ ಜೋಡಿಯನ್ನೇ.

ಸಿಗ್ನಲ್ಲನ್ನು ಬೇಸ್ ಬದಲು ಎಮಿಟರ್‌ಗೆ ಕೊಡುವ ಕಾಮನ್ ಬೇಸ್ ಜೋಡಣೆಯಲ್ಲಿ, ಎಮಿಟರ್ ಕಡೆಯಿಂದ ನೋಡಿದರೆ 1 ಮಿಲಿಆಂಪ್‌ಗೆ ಬರೀ 25 ಓಮ್. ಹೈ ಫ್ರೀಕ್ವೆನ್ಸಿಯ ಕೆಪಾಸಿಟರ್‌ಗಳ ಗೋಜು ಆಮೇಲಿನದು.

ಕಿವಿಯಿಂದಲೇ ತಿಳಿಯಬೇಕೆಂದರೆ 1966ರಲ್ಲಿ ಲಂಡನ್‌ನಿಂದ ಬಂದ, ಜಿಮಿ ಹೆಂಡ್ರಿಕ್ಸ್ ಬಳಸಿದ ಫಝ್ ಫೇಸ್ ಪೆಡಲ್ ಇದೆ. ಮೊದಲ ಟ್ರಾನ್ಸಿಸ್ಟರಿನ ಎಮಿಟರ್ ನೇರ ಗ್ರೌಂಡಿಗೆ; ಮೇಲಿಂದ ಫೀಡ್‌ಬ್ಯಾಕ್ ಇನ್‌ಪುಟ್ ರೆಸಿಸ್ಟೆನ್ಸನ್ನು ಇನ್ನೂ ಇಳಿಸುತ್ತದೆ. ಜೋರಾಗಿ ನುಡಿಸಿದರೆ ಸಣ್ಣ ಸಿಗ್ನಲ್ಲಿನ ಲೆಕ್ಕ ಅಲ್ಲಿ ಅಂದಾಜಷ್ಟೇ. ಆದರೂ ಇನ್‌ಪುಟ್ ರೆಸಿಸ್ಟೆನ್ಸ್ ಇಷ್ಟು ಕಡಿಮೆ ಇರುವುದರಿಂದ ಗಿಟಾರಿನ ವಾಲ್ಯೂಮ್ ತುಸು ತಗ್ಗಿಸಿದರೆ ಸಾಕು, ಕರ್ಕಶ ನಾದ ತಿಳಿಯಾಗುತ್ತದೆ. ಗಿಟಾರ್ ಮತ್ತು ಪೆಡಲ್ ನಡುವೆ ಬಫರ್ ತುರುಕಿ ‘ಸುಧಾರಿಸಿದೆ’ ಎನ್ನುವವರು ಕಳೆದುಕೊಳ್ಳುವುದು ಇದನ್ನೇ.