ಹಿಮದ ಮೇಲಣ ಸೈಕಲ್ ಸಂಚಾರ

ಫಿನ್ಲೆಂಡಿನ ಉತ್ತರಭಾಗದಲ್ಲಿ, ಧ್ರುವವೃತ್ತಕ್ಕೆ ಇನ್ನೂರು ಕಿಲೋಮೀಟರಿಗಿಂತಲೂ ಸಮೀಪದಲ್ಲಿರುವ, ಸುಮಾರು ಎರಡು ಲಕ್ಷ ಜನರ ಔಲು ನಗರವು, ಡಿಸೆಂಬರಿನಲ್ಲಿ ಸೂರ್ಯನು ನಾಲ್ಕು ಗಂಟೆಯ ಕಾಲವೂ ನಿಲ್ಲದ ಕತ್ತಲೆಯಲ್ಲಿಯೂ ಸೈಕಲ್ಲನ್ನು ಬಿಡದಿರುವ ಕಾರಣದಿಂದ ಲೋಕಪ್ರಸಿದ್ಧವಾಗಿದೆ. ಚಳಿಗಾಲದ ಸೈಕಲ್ ಸಂಚಾರವನ್ನು ಕುರಿತ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವು 2013ರಲ್ಲಿ ಅಲ್ಲಿಯೇ ನೆರೆಯಿತು. ಅಲ್ಲಿಯ ಮೆಟ್ಸೊಕಾಂಗಸ್ ಶಾಲೆಯ ಅಂಗಳದಲ್ಲಿ ಹಿಮದ ನಡುವೆ ಸಾಲುಗಟ್ಟಿ ನಿಂತ ನೂರಾರು ಸೈಕಲ್ಲುಗಳ ಚಿತ್ರವನ್ನು ಕಂಡವರು, ಇದೆಲ್ಲ ಉತ್ತರದೇಶೀಯರ ದೇಹದಾರ್ಢ್ಯದ ಫಲವೆಂದು ಭಾವಿಸುವುದುಂಟು.

ಈ ಭಾವನೆ ಸಾಧುವಲ್ಲ. ಮುಖ್ಯವಾದ ಸೈಕಲ್ ದಾರಿಗಳ ಹಿಮವನ್ನು ಜನ ಮನೆಬಿಟ್ಟು ಹೊರಡುವುದಕ್ಕೆ ಮೊದಲೇ ಸರಿಸಿ, ಉಪ್ಪನ್ನು ಚೆಲ್ಲಿ ರಾಡಿಯೆಬ್ಬಿಸದೆ, ಉಳಿದ ಪದರವನ್ನು ಒತ್ತಿ ಗಟ್ಟಿಗೊಳಿಸಿ, ಗಾಲಿ ಜಾರದಂತೆ ಅದರ ಮೈಯನ್ನು ತರಿಯಾಗಿ ಕೆರೆದಿಡುವ ನಗರಾಡಳಿತದ ನಿತ್ಯವ್ರತವೇ, ದಾರಿಗಳನ್ನು ವಾಹನರಸ್ತೆಯಿಂದ ಪ್ರತ್ಯೇಕಿಸಿ, ದಾಟಬೇಕಾದೆಡೆ ಕೆಳಸೇತುವೆಗಳನ್ನು ನಿರ್ಮಿಸಿದ ದಶಕಗಳ ದೂರದೃಷ್ಟಿಯೇ, ಈ ಸೈಕಲ್ ಸಂಚಾರದ ನಿಜವಾದ ಮೂಲ. ಏಳೆಂಟು ವರ್ಷದ ಮಗುವು ತಂದೆತಾಯಿಗಳ ಕೈಹಿಡಿಯದೆ ತಾನಾಗಿ ಶಾಲೆಗೆ ಹೋಗಿಬರುವುದು ಅಲ್ಲಿ ಸಾಹಸವೆನಿಸುವುದಿಲ್ಲ. ಮಕ್ಕಳಿಗೆ ಊರನ್ನು ಮರಳಿ ಒಪ್ಪಿಸಿಕೊಟ್ಟ ಈ ವ್ಯವಸ್ಥೆಯನ್ನು ನಾನು ನಮ್ಮ ಕಾಲದ ಶ್ರೇಷ್ಠ ನಾಗರಿಕ ಸಿದ್ಧಿಗಳಲ್ಲೊಂದೆಂದು ಹೃತ್ಪೂರ್ವಕವಾಗಿ ಎಣಿಸುತ್ತೇನೆ.

ಆದರೆ ಅಲ್ಲಿಯ ಕುಟುಂಬವು ಕಾರನ್ನು ತ್ಯಜಿಸಿತೇ ಎಂದು ಕೇಳಿದರೆ, ಇಲ್ಲವೆನ್ನಬೇಕಾಗುತ್ತದೆ. ವಿಶಾಲವಾಗಿ ಹರಡಿಕೊಂಡ ಆ ಊರಿನಲ್ಲಿ ಹೆಚ್ಚಿನ ಸಂಚಾರವು ಇಂದಿಗೂ ಕಾರಿನಿಂದಲೇ ನಡೆಯುತ್ತದೆ. ಮಗುವನ್ನು ಶಾಲೆಗೆ ಸೈಕಲ್ಲಿನಲ್ಲಿ ಕಳುಹಿಸಿದ ಮನೆಯವರೇ ಊರಂಚಿನ ದೊಡ್ಡ ಅಂಗಡಿಗೆ ಕಾರಿನಲ್ಲಿ ತೆರಳುತ್ತಾರೆ. ಅವರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಅಂಗಡಿಯನ್ನು ಅಷ್ಟು ದೂರದಲ್ಲಿ ಕಟ್ಟಿ, ಅದರ ಮುಂದೆ ಕಾರಿಗೆ ಧಾರಾಳವಾಗಿ ನೆಲವನ್ನು ಬಿಟ್ಟುಕೊಟ್ಟ ಯೋಜನೆಯನ್ನೇ ಆಕ್ಷೇಪಿಸಬೇಕು. ಈ ವಿಷಯದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮುಂದಿದೆ. ಅಲ್ಲಿ ಮನೆಗಳು ಒತ್ತಾಗಿವೆ, ಅಂಗಡಿಗಳು ಹತ್ತಿರವಿವೆ, ಹೊಸ ಕಾರಿನ ನೋಂದಣಿಗೆ ಸರ್ಕಾರ ವಿಧಿಸುವ ತೆರಿಗೆಯ ಭಾರವು ಸುಪ್ರಸಿದ್ಧವಾದುದು, ಮುಂಭಾಗದಲ್ಲಿ ಪೆಟ್ಟಿಗೆಯುಳ್ಳ, 1984ರಲ್ಲಿ ಕ್ರಿಸ್ಟಿಯಾನಿಯಾ ಬಡಾವಣೆಯಲ್ಲಿ ರೂಪುಗೊಂಡ, ಮೂರು ಗಾಲಿಯ ಸೈಕಲ್ಲು ಇಬ್ಬರು ಮಕ್ಕಳನ್ನೂ ವಾರದ ದಿನಸಿಯನ್ನೂ ಒಂದೇ ಸಲಕ್ಕೆ ಹೊರಬಲ್ಲುದು. ಔಲುವಿನ ಹಿಮದಾರಿಗಳಿಗೆ ಈ ಸಾಮೀಪ್ಯವೂ ಈ ಕರಭಾರವೂ ಕೂಡಿಬಂದಲ್ಲದೆ, ಅಲ್ಲಿಯ ಮನೆಗಳ ಮುಂದೆ ಸೈಕಲ್ಲಿನ ಪಕ್ಕದಲ್ಲಿ ನಿಂತಿರುವ ಕಾರು ಕದಲಲಾರದೆಂದೇ ನನ್ನ ಅಭಿಮತ.