ದಿನ, ಹೊತ್ತು, ಊರು: ಗೋಟು ಮೌಂಟಿನ ಮೊದಲ ಪಾಠ

ಟೆಲಿಸ್ಕೋಪನ್ನು ಕೇಳಿದ ನಕ್ಷತ್ರದತ್ತ ತಾನೇ ತಿರುಗಿಸುವ ಗೋಟು ಮೌಂಟನ್ನು ಹೊಸದಾಗಿ ಕೊಂಡವರಿಗೆ ಸ್ವಿಚ್ ಹಾಕಿದ ಕೂಡಲೇ ಶನಿಯ ಬಳೆ ನೋಡುವ ಆತುರ. ಕೈಯಲ್ಲಿರುವ ಹ್ಯಾಂಡ್ ಕಂಟ್ರೋಲರ್ ಮಾತ್ರ ಊರು ಯಾವುದು, ಗಂಟೆ ಎಷ್ಟು, ತಾರೀಖು ಎಷ್ಟು ಎಂದು ಒಂದೊಂದಾಗಿ ಕೇಳುತ್ತದೆ. ಬಹಳ ಜನ ಏನೋ ಒಂದು ಒತ್ತಿ ಮುಂದಕ್ಕೆ ಹೋಗಿಬಿಡುತ್ತಾರೆ. ಆಕಾಶ ನೋಡುವ ಸುಖ ಶುರುವಾಗುವುದೇ ಈ ಪ್ರಶ್ನೆಗಳಿಂದ ಎಂಬುದು ನನ್ನ ಗಟ್ಟಿ ನಂಬಿಕೆ.

ಜಾತಕ ಬರೆಯುವವರು ಕೇಳುವುದೂ ಇದನ್ನೇ: ಹುಟ್ಟಿದ ದಿನ, ಹೊತ್ತು, ಊರು. ಫಲವನ್ನು ನಂಬುವುದು ಬಿಡುವುದು ಬೇರೆ ಮಾತು. ಲಗ್ನವೆಂದರೆ ಆ ಊರಿನ ಪೂರ್ವ ದಿಗಂತದಲ್ಲಿ ಆ ಗಳಿಗೆಗೆ ಮೂಡುತ್ತಿರುವ ರಾಶಿ. ಅದನ್ನು ಹಿಡಿಯುವ ಲೆಕ್ಕವೂ ಮೌಂಟ್ ಹಾಕುವ ಲೆಕ್ಕವೂ ಒಂದೇ ಜಾತಿಯವು. ಭೂಮಿ ಈಗ ಎಷ್ಟು ತಿರುಗಿದೆ, ಅದರ ಮೇಲೆ ನಾವು ಎಲ್ಲಿ ನಿಂತಿದ್ದೇವೆ ಎಂಬೆರಡು ತಿಳಿದರೆ ಯಾವ ನಕ್ಷತ್ರ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿದೆ ಎಂದು ಹೇಳಿಬಿಡಬಹುದು.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ 4 ನಿಮಿಷಕ್ಕೆ 1 ಡಿಗ್ರಿ. ಇದು ಬಾಯಿಪಾಠವಾಗಿರಲಿ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುತ್ತದೆ. ಬೆಂಗಳೂರು ಇರುವುದು 77.6ರಲ್ಲಿ, ಹೆಚ್ಚುಕಡಿಮೆ 5 ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ಕೈಗಡಿಯಾರಕ್ಕಿಂತ ಬೆಂಗಳೂರಿನ ಆಕಾಶ ಸುಮಾರು 20 ನಿಮಿಷ ಹಿಂದೆ. ಮಂಗಳೂರಿನದು ಅರ್ಧ ಗಂಟೆ. ಹಳೆಯ ಪಂಚಾಂಗಕರ್ತರು ಉಜ್ಜಯಿನಿಯ ರೇಖೆಯನ್ನು ಮೂಲವಾಗಿಟ್ಟುಕೊಂಡು ತಮ್ಮ ತಮ್ಮ ಊರಿಗೆ ದೇಶಾಂತರ ಸಂಸ್ಕಾರ ಮಾಡುತ್ತಿದ್ದದ್ದು ಇದಕ್ಕಾಗಿಯೇ. ನೀವು ರೇಖಾಂಶವನ್ನು ಸರಿಯಾಗಿ ಕೊಟ್ಟರೆ ಸಾಕು, ಮೌಂಟ್ ಆ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ಸರಿಯಾಗಿ ಕೊಡುವುದರಲ್ಲೇ ಇರುವುದು ತೊಡಕು. ಫೋನು ಬೆಂಗಳೂರನ್ನು 12.97, 77.59 ಎಂದು ದಶಮಾಂಶದಲ್ಲಿ ತೋರಿಸುತ್ತದೆ. ಎಷ್ಟೋ ಕಂಟ್ರೋಲರ್‌ಗಳು ಡಿಗ್ರಿ ಮತ್ತು ಕಲೆಗಳಲ್ಲಿ ಕೇಳುತ್ತವೆ. ಬಿಂದುವಿನ ಆಚೆಗಿನ ಭಾಗವನ್ನು 60ರಿಂದ ಗುಣಿಸಿ: 12 ಡಿಗ್ರಿ 58 ಕಲೆ ಉತ್ತರ, 77 ಡಿಗ್ರಿ 35 ಕಲೆ ಪೂರ್ವ. ಪೂರ್ವದ ಜಾಗದಲ್ಲಿ ಪಶ್ಚಿಮ ಉಳಿದುಬಿಟ್ಟರೆ ಲೆಕ್ಕ 155 ಡಿಗ್ರಿ ತಪ್ಪಿ ಟೆಲಿಸ್ಕೋಪ್ ನೆಲದತ್ತ ಮುಖ ಮಾಡಿದರೂ ಮಾಡೀತು. ಇಷ್ಟಾದರೂ ನಿಮ್ಮ ಬೀದಿಯನ್ನೇ ಹುಡುಕಿ ಕೊಡಬೇಕಾಗಿಲ್ಲ. 10 ಕಿಲೋಮೀಟರ್ ಹೆಚ್ಚುಕಡಿಮೆಯಾದರೆ ಚಂದ್ರಬಿಂಬದ ಐದನೇ ಒಂದು ಪಾಲಿನಷ್ಟೂ ತಪ್ಪು ಬರುವುದಿಲ್ಲ. ಬೆಂಗಳೂರಿನ ಅಂಕಿಯನ್ನೇ ಇಟ್ಟುಕೊಂಡು ಮಡಿಕೇರಿಯಲ್ಲಿ ನೋಡಹೊರಟರೆ ಮಾತ್ರ ಹತ್ತಿರ ಹತ್ತಿರ 2 ಡಿಗ್ರಿ, ನಾಲ್ಕು ಚಂದ್ರರನ್ನು ಸಾಲಾಗಿ ಇಟ್ಟಷ್ಟು ದೂರ. ಬೇಕಾದದ್ದು ಟೆಲಿಸ್ಕೋಪ್ ನಿಂತಿರುವ ಊರು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕೂತಿರುತ್ತಾರೆ, ಆದರೆ ಲೆಕ್ಕಕ್ಕೆ ಬರುವುದು ಹಾನ್ಲೆಯ ಅಕ್ಷಾಂಶ. ಬೆಂಗಳೂರಿನಲ್ಲಿ ದಿಗಂತದಿಂದ 13 ಡಿಗ್ರಿ ಎತ್ತರದಲ್ಲಿ ಮರಗಳ ಹಿಂದೆ ಅಡಗುವ ಧ್ರುವ ನಕ್ಷತ್ರ ಅಲ್ಲಿ ಸುಮಾರು 33 ಡಿಗ್ರಿ ಮೇಲೆ ನಿಂತಿರುತ್ತದೆ.

ಇನ್ನು ಹೊತ್ತು. ಟೈಮ್ ಝೋನ್ +5:30. ಪಟ್ಟಿಯಲ್ಲಿ ಅರ್ಧ ಗಂಟೆಯ ಆಯ್ಕೆ ಇಲ್ಲದಿದ್ದರೆ ಸೊನ್ನೆ ಝೋನ್ ಆರಿಸಿ, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದು ಕೊಡಿ. ಹಾಗೆ ಮಾಡಿದಾಗ ಬೆಳಗಿನ ಐದೂವರೆಯವರೆಗೂ ತಾರೀಖು ಹಿಂದಿನ ದಿನದ್ದೇ ಎಂಬುದು ನೆನಪಿರಲಿ. ಡೇಲೈಟ್ ಸೇವಿಂಗ್ ನಮ್ಮಲ್ಲಿಲ್ಲ, ‘ನೋ’ ಒತ್ತಿ. ತಾರೀಖಿನಲ್ಲಿ ತಿಂಗಳು ಮೊದಲು ಬರುವ ಮೌಂಟುಗಳೇ ಹೆಚ್ಚು. ಮಾರ್ಚ್ 5ನ್ನು ನಮ್ಮ ರೂಢಿಯಂತೆ 05/03 ಎಂದು ಕೊಟ್ಟರೆ ಅದು ಮೇ 3ರ ಆಕಾಶವನ್ನು ಹುಡುಕುತ್ತದೆ. ಹೊತ್ತು ಕೊಡುವ ಒಳ್ಳೆಯ ಕ್ರಮ ಹೀಗೆ: ಫೋನಿನಲ್ಲಿ ಸೆಕೆಂಡು ಕಾಣುವಂತೆ ಮಾಡಿಕೊಳ್ಳಿ. 8:14 ಆಗಿದ್ದರೆ ಕಂಟ್ರೋಲರಿನಲ್ಲಿ 8:16:00 ಬರೆದು ಎಂಟರ್ ಗುಂಡಿಯ ಮೇಲೆ ಬೆರಳಿಟ್ಟು ಕಾಯಿರಿ. ಫೋನಿನಲ್ಲಿ 8:16 ಮೂಡಿದ ಕ್ಷಣ ಒತ್ತಿ.

ಇಲ್ಲಿಂದ ಮುಂದೆ ನಿಜವಾದ ರಸಾಸ್ವಾದ. ಧ್ರುವದತ್ತ ಅಕ್ಷ ಹೊಂದಿಸಿ ನಿಲ್ಲಿಸುವ ಈಕ್ವಟೋರಿಯಲ್ ಮೌಂಟ್ ನಿಮ್ಮದಾದರೆ ಅದರ ಮೊದಲ ಓಟವನ್ನು ಕಣ್ಣಿಟ್ಟು ನೋಡಿ. ಮೇ ಮೊದಲ ವಾರ, ರಾತ್ರಿ ಹನ್ನೊಂದರ ಸುಮಾರು, ಚಿತ್ರಾ ನಕ್ಷತ್ರ ದಕ್ಷಿಣದಲ್ಲಿ ಎತ್ತರಕ್ಕೇರಿ ನಿಂತಿದೆ. ಕಂಟ್ರೋಲರಿನಲ್ಲಿ ಅದರ ಹೆಸರು ಸ್ಪೈಕಾ. ಟೆಲಿಸ್ಕೋಪ್ ನಕ್ಷತ್ರದ ಪೂರ್ವಕ್ಕೋ ಪಶ್ಚಿಮಕ್ಕೋ ಸರಿದು ನಿಂತರೆ ತಪ್ಪಿರುವುದು ಬಹುಮಟ್ಟಿಗೆ ಹೊತ್ತು ಅಥವಾ ರೇಖಾಂಶ. ಪೂರ್ವಕ್ಕೆ 15 ಡಿಗ್ರಿ, ಅಂದರೆ ಕೈ ಚಾಚಿ ಹಿಡಿದ ಒಂದೂವರೆ ಮುಷ್ಟಿ ಸರಿದಿದ್ದರೆ ಡೇಲೈಟ್ ಸೇವಿಂಗ್ ಒತ್ತಿಹೋಗಿದೆ. ಪಶ್ಚಿಮಕ್ಕೆ ಅದರ ಅರ್ಧದಷ್ಟಾದರೆ ಝೋನ್ +5ಕ್ಕೇ ನಿಂತಿದೆ. ಉತ್ತರ ದಕ್ಷಿಣಕ್ಕೆ ಜಾರಿದ್ದರೆ ಗಡಿಯಾರವನ್ನು ದೂರಬೇಡಿ, ಅಕ್ಷದ ಎತ್ತರವನ್ನು ನೋಡಿ.

ಎರಡು ನಕ್ಷತ್ರಗಳನ್ನು ಹಿಡಿದು ಅಲೈನ್‌ಮೆಂಟ್ ಮುಗಿಸಿದರೆ ಈ ತಪ್ಪುಗಳು ಬಹುಪಾಲು ಮುಚ್ಚಿಹೋಗುತ್ತವೆ, ನಕ್ಷತ್ರಗಳೆಲ್ಲ ಸರಿಯಾಗಿ ಸಿಗುತ್ತವೆ. ಚಂದ್ರ ಮಾತ್ರ ಈ ಮರೆಮಾಚುವಿಕೆಗೆ ಸಿಗುವವನಲ್ಲ. ನಕ್ಷತ್ರಗಳ ನಡುವೆ ಅವನು ಗಂಟೆಗೆ ತನ್ನ ಬಿಂಬದಷ್ಟು, ದಿನಕ್ಕೆ ಸುಮಾರು 13 ಡಿಗ್ರಿ ನಡೆಯುತ್ತಾನೆ. ಅವನ ಜಾಗವನ್ನು ಮೌಂಟ್ ಲೆಕ್ಕ ಹಾಕುವುದು ನೀವು ಕೊಟ್ಟ ದಿನ ಮತ್ತು ಹೊತ್ತಿನಿಂದ. ಸ್ವಾತಿ, ಚಿತ್ರಾ ನಡುಮಧ್ಯಕ್ಕೆ ಬಂದು ಚಂದ್ರನೊಬ್ಬನೇ ತಪ್ಪಿಸಿಕೊಂಡರೆ ತಾರೀಖನ್ನು ಮತ್ತೊಮ್ಮೆ ತೆರೆದು ನೋಡಿ.

ಎಲ್ಲ ಸರಿಹೋದ ಮೇಲೆ ಒಂದು ರಾತ್ರಿ ಬೇಕೆಂದೇ 4 ನಿಮಿಷ ಮುಂದಿನ ಹೊತ್ತು ಕೊಟ್ಟು, ಅಗಲ ನೋಟದ ಐಪೀಸ್ ಹಾಕಿ, ಈಕ್ವಟೋರಿಯಲ್ ಮೌಂಟನ್ನು ಚಿತ್ರಾದತ್ತ ಮೊದಲ ಓಟಕ್ಕೆ ಬಿಡಿ. ಟೆಲಿಸ್ಕೋಪ್ 1 ಡಿಗ್ರಿ ಪಶ್ಚಿಮಕ್ಕೆ ಹೋಗಿ ನಿಲ್ಲುತ್ತದೆ. ಪೂರ್ವದ ಬಾಣದ ಗುಂಡಿ ಒತ್ತಿ ನಕ್ಷತ್ರವನ್ನು ನಡುವಿಗೆ ತನ್ನಿ: ನೀವು ಈಗ ದಾಟಿದ್ದು ಭೂಮಿ 4 ನಿಮಿಷದಲ್ಲಿ ತಿರುಗುವಷ್ಟು ದೂರವನ್ನು.